ಜಾಣ ಮರಿ!

ನವೆಂಬರ್ ಬಂತು. ಪಿಂಚಣಿದಾರರೆಲ್ಲ ಹೋಗಿ ತಾವಿನ್ನೂ ಬದುಕಿದ್ದೇವೆ ಅಂತ ತೋರಿಸಿ ಬರುವ ತಿಂಗಳು. 2014ರಲ್ಲಿ ಜೀವನ್ ಪ್ರಮಾಣ್ ಅನ್ನೋ ಡಿಜಿಟಲ್ ಜೀವಿತ ಪ್ರಮಾಣಪತ್ರ ಬಂದ ಮೇಲೆ ಅದಕ್ಕೆ ಬೆರಳಿನ ಗುರುತೂ ಸಾಕ್ಷಿ. ನಿನ್ನೆ ಅಮ್ಮನನ್ನು ಕರ್ಕೊಂಡು ಮೈಸೂರಿನ ಒಂದು ಬ್ಯಾಂಕಿಗೆ ಹೋಗಿದ್ದೆ. ಅಮ್ಮ ಗೊತ್ತಲ್ಲ ನಿಮಗೆ, ಮಂಡ್ಯದಲ್ಲಿ 34 ವರ್ಷ ಲೆಕ್ಕದ ಮೇಡಂ.

ಮಷೀನ್ ಮುಂದಿಟ್ಟ ಹುಡುಗನಿಗೆ 25 ದಾಟಿರಲಿಕ್ಕಿಲ್ಲ. "ಅಜ್ಜೀ, ಬೆರಳಿಡು ಪುಟ್ಟಾ" ಅಂದ. ಹಿಡೀಲಿಲ್ಲ. (ಅಷ್ಟು ವರ್ಷ ಸೀಮೆಸುಣ್ಣ ಹಿಡಿದ ಬೆರಳು, ಸವೆಯದೆ ಇರುತ್ತಾ?) ಅಮ್ಮ ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟರು. ನಾಲ್ಕನೇ ಸಲಕ್ಕೆ ಹಸಿರು ದೀಪ ಬಂತು. "ಜಾಣ ಮರಿ!" ಅಂದ.

ಹಿಂದೆಯೇ ಅಮ್ಮನ ವಯಸ್ಸಿನ ಯಜಮಾನರೊಬ್ಬರು. ಅವರಿಗೆ, "ಬನ್ನಿ ಸರ್, ಕೂತ್ಕೊಳ್ಳಿ ಸರ್." ಅವರ ಬೆರಳನ್ನೂ ಮಷೀನ್ ಹಿಡೀಲಿಲ್ಲ. ಆದರೂ ಅವರು ಯಾರ ಮರಿಯೂ ಆಗಲಿಲ್ಲ.

ತಮ್ಮನಿಗೆ ಹೇಳಿದರೆ ನಕ್ಕ. "ಪ್ರೀತಿಗೆ ಅಂದಿರ್ತಾನೆ, ಬಿಡಕ್ಕ. ಮಂಡ್ಯದೋಳಾಗಿ ಏಕವಚನಕ್ಕೆ ಮುನಿಸ್ಕೋತೀಯಾ?" ನಮ್ಮೂರ ಕಥೆ ನನಗೇ ಹೇಳ್ತಾನೆ! ಮಗಳನ್ನು 'ಅವ್ವಾ', ಮಗನನ್ನು 'ಅಪ್ಪಾ' ಅಂತ ಮುದ್ದು ಮಾಡುವ ಸೀಮೆ ನಮ್ಮದು. 'ಏನ್ಲಾ' ಅನ್ನೋದರಲ್ಲಿ ಅರ್ಧ ಜಗಳ, ಅರ್ಧ ಅಕ್ಕರೆ. ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನಾಕೆ "ತಗೊಳವ್ವಾ, ನನ್ ಕಂದ" ಅಂದರೆ, ಬೇಡದಿದ್ದರೂ ಎರಡು ಮೊಳ ತಗೋತೀನಿ. ಯಾಕೆ ಗೊತ್ತಾ? "ಮೊಳ ಗಿಡ್ಡ ಮಾಡ್ಬೇಡ ಕಣವ್ವಾ" ಅಂತ ನಾನೂ ತಿರುಗಿ ಅನ್ನಬಹುದು. ಅವಳು ನಗ್ತಾಳೆ, ಮೊಳ ಮಾತ್ರ ಗಿಡ್ಡವೇ ಇರುತ್ತೆ.

ಆ ಬ್ಯಾಂಕಿನಲ್ಲಿ ಅಮ್ಮ "ಆಯ್ತು ಮರಿ, ಸ್ಲಿಪ್ ಕೊಡು" ಅಂದಿದ್ದರೆ? ಅವನ ಮುಖ ನೋಡುವ ಆಸೆ ನನಗೆ. ಅಮ್ಮ ಅನ್ನಲಿಲ್ಲ. "ಥ್ಯಾಂಕ್ಸ್ ಸಾರ್" ಅಂದರು. ಆ ಹುಡುಗ ಸಾರ್, ಅಮ್ಮ ಪುಟ್ಟ. ಇದು ಯಾವ ಸೀಮೆಯ ಪ್ರೀತಿ?

'ಅಮ್ಮ' ಅನ್ನೋ ಪದವನ್ನೇ ನೋಡಿ. ಲಕ್ಷ್ಮಮ್ಮ ಅಂದರೆ ಗೌರವ. "ನಿಮಗದೆಲ್ಲ ಅರ್ಥ ಆಗಲ್ಲಮ್ಮಾ" ಅಂದರೆ ಅದೇ ಅಮ್ಮ ಮುಖಕ್ಕೆ ಬಾಗಿಲು ಹಾಕಿದ ಹಾಗೆ. ಜೊತೆಗೆ 'ನಿಮಗೆ' ಅಂತ ಬಹುವಚನ ಬೇರೆ!

ರಾತ್ರಿಯೆಲ್ಲ ಹೀಗೆ ಕುದಿಯುತ್ತಿದ್ದವಳಿಗೆ ಇನ್ನೊಂದು ನೆನಪಾಗಿ ಹೊಟ್ಟೆ ಚುರುಕ್ ಅಂತು. ನಮ್ಮನೆ ಕೆಲಸಕ್ಕೆ ಬರುವವಳು ನನಗಿಂತ ಎಂಟು ವರ್ಷ ದೊಡ್ಡವಳು. ನೋಡಿ, 'ದೊಡ್ಡವಳು' ಅಂತಲೇ ಬರೆದೆ. ಹನ್ನೊಂದು ವರ್ಷದಿಂದ ಅವರು ನನ್ನನ್ನು 'ಅಕ್ಕಾ' ಅಂತಾರೆ. ನಾನು "ಏನಮ್ಮಾ, ಇವತ್ತೂ ಲೇಟಾ?" ಅಂತೀನಿ.

ಬೆಳಿಗ್ಗೆ ಧೈರ್ಯ ಮಾಡಿ, "ಬನ್ನಿ ಅಕ್ಕಾ, ಮೊದಲು ಕಾಫಿ ಕುಡೀರಿ" ಅಂದೆ.

ಪೊರಕೆ ಹಿಡಿದವರು ಅಲ್ಲೇ ನಿಂತರು. "ಯಾಕಕ್ಕಾ, ಕೆಲಸದಿಂದ ಬಿಡಿಸ್ತಾ ಇದೀರಾ?"