ಬಾಗಿನ ಕೊಟ್ಟ ಮೇಲೆ ಮನೆ ವಿಚಾರಿಸಬೇಕು

ಲಿಂಗನಮಕ್ಕಿ ಅಣೆಕಟ್ಟು ತುಂಬಿದ ವರ್ಷ ನಮ್ಮ ಕಡೆ ಒಂದು ದೃಶ್ಯ ತಪ್ಪುವುದಿಲ್ಲ. ಗರಿಗರಿ ಪಂಚೆ, ಶಲ್ಯ ಹೊದ್ದ ಜನಪ್ರತಿನಿಧಿಗಳು ಶರಾವತಿಗೆ ಬಾಗಿನ ಬಿಡುತ್ತಾರೆ. ಪುರೋಹಿತರ ಮಂತ್ರ, ಕ್ಯಾಮೆರಾಗಳು, ಮುಂದೆ ನಿಲ್ಲಲು ಕಾರ್ಯಕರ್ತರ ನೂಕಾಟ. ಪುಣೆಯಲ್ಲಿ ಕೂತು ಮೊಬೈಲಿನಲ್ಲಿ ಆ ಫೋಟೋ ನೋಡುವಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆ ನೀರಿನ ಅಡಿಯಲ್ಲಿ ನನ್ನ ಅಜ್ಜನ ಮನೆಯಿದೆ.

ಬಾಗಿನ ಕೊಡುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬಾಗಿನ ಅಂದರೆ ಏನೆಂದು ಕಂಡವನು ನಾನು. ಗೌರಿ ಹಬ್ಬ ಇನ್ನೂ ಎರಡು ದಿನ ಇದೆ ಅನ್ನುವಾಗಲೇ ಚಿಕ್ಕಮ್ಮ ಹೊಸ ಮೊರ ತೊಳೆದು, ಅರಿಶಿನ ಬಳಿದು, ಒಲೆಯ ಕಾವಿಗೆ ಒಣಗಿಸುತ್ತಿದ್ದಳು. ಹೊರಗೆ ಬಿಸಿಲೇ ಇರುತ್ತಿರಲಿಲ್ಲವಲ್ಲ. ಅಕ್ಕಿ, ಬೇಳೆ, ಅಚ್ಚು ಬೆಲ್ಲ, ತೆಂಗಿನಕಾಯಿ, ಬಳೆ, ಬಿಚ್ಚೋಲೆ, ರವಿಕೆ ಕಣ ಎಲ್ಲ ಇಟ್ಟು, ಮೇಲೊಂದು ಮೊರ ಮುಚ್ಚಿ, ಸೆರಗು ಹೊದಿಸಿ ಕೊಡುತ್ತಿದ್ದಳು. ತವರಿನಿಂದ ಮಗಳಿಗೆ ಬಾಗಿನ ಹೋಯಿತೆಂದರೆ ಅದರ ಜೊತೆಗೆ ವಿಚಾರಣೆಯೂ ಹೋಯಿತು ಎಂದೇ ಅರ್ಥ. ನಾಟಿ ಮುಗಿಯಿತಾ, ಕರಾವು ಇದೆಯಾ, ಅಳಿಯನ ಕೆಮ್ಮು ವಾಸಿಯಾಯಿತಾ. ಅಲ್ಲಿ ಕೊರತೆ ಕಂಡರೆ ಅಜ್ಜ ಮರುವಾರವೇ ಅಕ್ಕಿ ಮೂಟೆ ಹೊರಿಸಿ ಕಳಿಸುತ್ತಿದ್ದರಂತೆ. ಕೊಟ್ಟು ಕೈ ತೊಳೆದುಕೊಳ್ಳುವ ಶಾಸ್ತ್ರವಲ್ಲ ಅದು.

ಶರಾವತಿಗೆ ಬಾಗಿನ ಬಿಟ್ಟವರು ಯಾರ ಮನೆ ವಿಚಾರಿಸಿದರು?

ಅಣೆಕಟ್ಟು ಮುಗಿದದ್ದು 1964ರಲ್ಲಿ. ಗದ್ದೆ, ತೋಟ, ದೇವಸ್ಥಾನ ಬಿಟ್ಟು ಎದ್ದು ಬಂದವರು ಕಾಡಿನ ಅಂಚಿನಲ್ಲಿ ಹೊಸದಾಗಿ ಬದುಕು ಕಟ್ಟಿದರು. ಶರಾವತಿ ವಿದ್ಯುದಾಗಾರ 1035 ಮೆಗಾವಾಟ್ ಕರೆಂಟು ಕೊಟ್ಟಿತು, ನಾಡು ಬೆಳಗಿತು. ಮುಳುಗಡೆಯವರಿಗೆ ತೋರಿಸಿದ ನೆಲ ಮಾತ್ರ ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ನೆಲ ಬಿಡಿಸಿಕೊಡಲು ಕೇಂದ್ರದ ಒಪ್ಪಿಗೆ ಬೇಕೇ ಬೇಕು. ಒಪ್ಪಿಗೆ ಪಡೆಯದೆ ಆ ನೆಲವನ್ನು ಅರಣ್ಯದ ಪಟ್ಟಿಯಿಂದ ಕೈಬಿಡಲು ರಾಜ್ಯ ಹೊರಡಿಸಿದ ಡಿನೋಟಿಫಿಕೇಶನ್‌ಗಳು ಹೈಕೋರ್ಟಿನಲ್ಲಿ ನಿಲ್ಲದೆ 2021ರಲ್ಲಿ ರದ್ದಾದವು. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಕೇಳೋಣವೆಂದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಸರ್ಕಾರವೇ ಅರವತ್ತರ ದಶಕದಲ್ಲಿ ತಂದು ಬಿಟ್ಟವರು 75 ವರ್ಷ ಎಲ್ಲಿಂದ ತರಬೇಕು? ಇದು ಬಗೆಹರಿಯುವುದು ದೆಹಲಿಯ ಕಡತದಲ್ಲಿ, ಸರ್ವೆಯಲ್ಲಿ, ಮಾಲೀಕರ ಹೆಸರು ಬರೆಯುವ ಪಹಣಿಯ 9ನೇ ಕಾಲಮ್ಮಿನಲ್ಲಿ. ಅಲ್ಲಿ ಫೋಟೋ ತೆಗೆಯುವವರು ಇರುವುದಿಲ್ಲ.

ಹಕ್ಕುಪತ್ರ ವಿತರಣೆ ಎಂದು ನನ್ನ ದೊಡ್ಡಪ್ಪನನ್ನು ಒಮ್ಮೆ ಕರೆಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬೆಳಗಿನ ಮೊದಲ ಲಾಂಚ್ ಹಿಡಿದು ಹೊಳೆ ದಾಟಿ ಹೋದರು. ಮಂತ್ರಿ ಬಂದಾಗ ಮಧ್ಯಾಹ್ನ ಮೂರು. ಹೆಸರು ಕರೆದಾಗ ವೇದಿಕೆ ಹತ್ತಿದರು. ಮಂತ್ರಿ ಪತ್ರದ ಒಂದು ತುದಿ ಹಿಡಿದರು, ದೊಡ್ಡಪ್ಪ ಇನ್ನೊಂದು ತುದಿ. "ಅಜ್ಜಾ, ಈ ಕಡೆ ನೋಡಿ" ಎಂದ ಫೋಟೋದವನು. ಮೆಟ್ಟಿಲು ಇಳಿಯುತ್ತಿದ್ದಂತೆ ಗುಮಾಸ್ತರೊಬ್ಬರು ಆ ಕಾಗದ ವಾಪಸು ತೆಗೆದುಕೊಂಡರು. "ಸೀಲ್ ಬಿದ್ದಿಲ್ಲ, ಆಫೀಸಿಗೆ ಬಂದು ತಗೊಳ್ಳಿ." ಸೀಲು ಬಿದ್ದ ಕಾಗದ ಸಿಕ್ಕಿದ್ದು ನಾಲ್ಕು ತಿಂಗಳ ಮೇಲೆ. ಪಹಣಿಯಲ್ಲಿ ಇವತ್ತಿಗೂ ಅವರ ಹೆಸರಿಲ್ಲ. ಅಡಿಕೆಗೆ ಎಲೆಚುಕ್ಕೆ ರೋಗ ಬಂದಾಗ ಬೆಳೆ ವಿಮೆ ಇಲ್ಲ, ಬ್ಯಾಂಕಿನಲ್ಲಿ ಸಾಲವೂ ಇಲ್ಲ. ಎಪ್ಪತ್ತು ದಾಟಿದವರನ್ನು ಹೀಗೆ ವೇದಿಕೆಯ ಮೇಲೆ ನಿಲ್ಲಿಸಿ ಕಳಿಸುವುದಕ್ಕೆ ಮೋಸ ಎನ್ನದೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಮಹಾರಾಷ್ಟ್ರ ಸ್ವರ್ಗ ಎಂದು ನಾನು ಹೇಳಲಾರೆ. ಕೊಯ್ನಾ ಅಣೆಕಟ್ಟೂ 1964ರದ್ದೇ. ಇಲ್ಲಿನ ನಾಯಕರೂ ಡ್ಯಾಂ ತುಂಬಿದಾಗ ಸೀರೆ, ಕುಪ್ಪಸದ ಕಣ, ತೆಂಗಿನಕಾಯಿ ಹಿಡಿದು ಜಲಪೂಜನಕ್ಕೆ ಬರುತ್ತಾರೆ. ನನ್ನ ಜೊತೆ ಕೆಲಸ ಮಾಡುವ ಗೆಳೆಯನೊಬ್ಬನದು ಕೊಯ್ನಾದಲ್ಲಿ ಮುಳುಗಿದ ಊರು. ಅವನ ಕಾಕಾನಿಗೆ ಬದಲಿ ಜಮೀನು ಇನ್ನೂ ಪೂರ್ತಿ ಸಿಕ್ಕಿಲ್ಲ, ಧರಣಿಗೆ ಈಗಲೂ ಹೋಗುತ್ತಾರೆ. ಆದರೆ ಅವರ ಕೈಯಲ್ಲಿ ಒಂದು ಕಾಗದ ಇದೆ. ಪ್ರಕಲ್ಪಗ್ರಸ್ತ ದಾಖಲೆ ಅನ್ನುತ್ತಾರೆ. ಈ ಕುಟುಂಬ ಯೋಜನೆಗೆ ನೆಲ ಕಳೆದುಕೊಂಡಿದೆ ಎಂದು ಸರ್ಕಾರವೇ ಬರೆದು ಕೊಟ್ಟದ್ದು. ಸರ್ಕಾರಿ ನೌಕರಿಯಲ್ಲಿ ಅಂಥವರಿಗೆ ಶೇ 5 ಮೀಸಲು. ಗೆಳೆಯನ ತಮ್ಮನಿಗೆ ಕೆಲಸ ಸಿಕ್ಕಿದ್ದು ಅದರಿಂದಲೇ. ಪುನರ್ವಸತಿಗೆ ಅಂತಲೇ ಮಹಾರಾಷ್ಟ್ರ 1976ರಲ್ಲಿ ಕಾನೂನು ಮಾಡಿತು. "ಆಧೀ ಪುನರ್ವಸನ, ಮಗ ಧರಣ", ಮೊದಲು ಪುನರ್ವಸತಿ, ಆಮೇಲೆ ಅಣೆಕಟ್ಟು ಎಂಬ ಘೋಷಣೆ ಇಲ್ಲಿ ಹಳ್ಳಿ ಹೆಂಗಸರ ಬಾಯಲ್ಲೂ ಇದೆ. ಜಲಪೂಜನಕ್ಕೆ ಬಂದವರನ್ನು ಅಡ್ಡಗಟ್ಟಿ ನಮ್ಮ ಜಮೀನು ಎಲ್ಲಿ ಎಂದು ಕೇಳುವುದಕ್ಕೆ ಆ ಕಾಕಾ ಹಿಂಜರಿಯುವುದಿಲ್ಲ. ನಮ್ಮಲ್ಲಿ ಕೇಳುವವರು ಇಲ್ಲವೆಂದಲ್ಲ, ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ತಾಲ್ಲೂಕು ನಮ್ಮದು. ಆದರೂ ಚುನಾವಣೆ ಬಂತೆಂದರೆ ಎಲ್ಲ ಪಕ್ಷದವರ ಪಾದಯಾತ್ರೆಯಲ್ಲೂ ನಾವೇ ಹೆಜ್ಜೆ ಹಾಕುತ್ತೇವೆ.

ಇದೇ ಹಿನ್ನೀರಿನ ಮೇಲೆ ಕಟ್ಟಿದ ಸಿಗಂದೂರು ಸೇತುವೆ ಉದ್ಘಾಟನೆಯಾದ 2025ರ ಜುಲೈ 14ರಂದು ನಾನು ನಿಜವಾಗಿ ಅತ್ತೆ. ಅರವತ್ತು ವರ್ಷ ಲಾಂಚಿಗೆ ಕಾದ ಜನ ನಾವು. ಹೆರಿಗೆ ನೋವಿನವರನ್ನು ಲಾಂಚ್ ಹತ್ತುವ ಹೊಳೆಬಾಗಿಲಿನಲ್ಲಿ ಕೂರಿಸಿಕೊಂಡು ಆಚೆ ದಡ ನೋಡಿದವರು. ಅಂಥ ದಿನ ಟಿವಿಯಲ್ಲಿ ಓಡಿದ್ದು ಆಹ್ವಾನದ ಜಗಳ. ಕೇಂದ್ರ ಸಚಿವ ನಿತಿನ್ ಗಡ್ಕರಿ ಉದ್ಘಾಟಿಸಿದರು, ತಮಗೆ ಸರಿಯಾಗಿ ತಿಳಿಸಲಿಲ್ಲವೆಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಬರಲಿಲ್ಲ, ಕರೆದಿದ್ದೆವು ಎಂದು ಕೇಂದ್ರದವರು. ಸೇತುವೆ ಎರಡೂ ಸರ್ಕಾರಗಳು ನಮಗೆ ತೀರಿಸಬೇಕಾಗಿದ್ದ ಸಾಲ. ಸಾಲ ತೀರಿಸುವ ದಿನ ಯಜಮಾನಿಕೆಗೆ ಕಿತ್ತಾಡಿದರೆ ದಡದಲ್ಲಿ ನಿಂತವರಿಗೆ ಹೇಗನ್ನಿಸಬೇಕು?

ಕಳೆದ ಬೇಸಿಗೆಯಲ್ಲಿ ನೀರು ಇಳಿದಾಗ ದೊಡ್ಡಪ್ಪ ನನ್ನನ್ನು ಹಿನ್ನೀರಿಗೆ ಕರೆದುಕೊಂಡು ಹೋದರು. ಬಿರುಕು ಬಿಟ್ಟ ಕೆಸರಿನಲ್ಲಿ ಒಂದು ಒರಳುಕಲ್ಲು. "ಇಲ್ಲೇ ಅಡುಗೆಮನೆ" ಎಂದರು. ಕೊಯ್ನಾದವರ ಕಾಗದದ ಕತೆ ಹೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಅದ್ರದ್ದೊಂದು ಜೆರಾಕ್ಸ್ ತರ್ತೀಯನಾ? ತಹಸೀಲ್ದಾರ್‌ಗೆ ತೋರಿಸ್ಬೇಕು" ಎಂದರು.

ಗೆಳೆಯನನ್ನು ಕೇಳಿ ತೆಗೆದುಕೊಂಡಿದ್ದೇನೆ. ಮರಾಠಿಯಲ್ಲಿದೆ, ಕೆಳಗೆ ಕನ್ನಡದಲ್ಲಿ ಬರೆದಿದ್ದೇನೆ. ಗೌರಿ ಹಬ್ಬಕ್ಕೆ ಊರಿಗೆ ಹೋಗುವಾಗ ಕೊಡಬೇಕು.