ಬಿಡಿ ಬೆಲೆ ಕೇಳದವರು

ಹತ್ತನೇ ಕ್ಲಾಸಿನ ಗಣಿತ ಪುಸ್ತಕದಲ್ಲಿ ಒಂದು ವಿಚಿತ್ರ ಜನ ಇದ್ದಾರೆ. ಒಂದು ಪೆನ್ನಿಗೆ ಎಷ್ಟು ಅಂತ ಅಂಗಡಿಯವನನ್ನು ಕೇಳುವ ಅಭ್ಯಾಸವೇ ಇವರಿಗಿಲ್ಲ. ಒಬ್ಬರು 5 ಪೆನ್ಸಿಲ್, 7 ಪೆನ್ನು ತಗೊಂಡು 50 ರೂಪಾಯಿ ಕೊಡುತ್ತಾರೆ. ಇನ್ನೊಬ್ಬರು 7 ಪೆನ್ಸಿಲ್, 5 ಪೆನ್ನಿಗೆ 46 ಕೊಡುತ್ತಾರೆ. ಆಮೇಲೆ ಒಂದೊಂದರ ಬೆಲೆ ಎಷ್ಟು ಅಂತ ನಮ್ಮನ್ನು ಕೇಳುತ್ತಾರೆ!

ವಯಸ್ಸಿನ ಲೆಕ್ಕದವರಂತೂ ಇನ್ನೂ ಘಾಟಿಗಳು. ‘ಐದು ವರ್ಷದ ಹಿಂದೆ ನನ್ನ ವಯಸ್ಸು ಮಗನ ಏಳರಷ್ಟಿತ್ತು, ಇನ್ನೈದು ವರ್ಷಕ್ಕೆ ಮೂರರಷ್ಟಾಗುತ್ತದೆ’ ಅನ್ನುತ್ತಾರೆ. ನನಗೆ 40, ಮಗನಿಗೆ 10 ಅಂತ ಹೇಳಿದರೆ ಇವರ ಗಂಟೇನು ಹೋಗುತ್ತದೆ?

ಈ ಚಾಳಿ ಇವತ್ತಿನದಲ್ಲ. 9ನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದ. ಅದರಲ್ಲೂ ಇಂಥವರೇ ಹಣ್ಣು ಕೊಳ್ಳುತ್ತಾರೆ. 9 ಮಾದಳದ ಹಣ್ಣು, 7 ಬೇಲದ ಹಣ್ಣಿಗೆ ಒಟ್ಟು 107. 7 ಮಾದಳ, 9 ಬೇಲಕ್ಕೆ 101. ಒಂದೊಂದಕ್ಕೆ ಎಷ್ಟು, ಬೇಗ ಹೇಳು ಅನ್ನುತ್ತಾನೆ ಆಚಾರ್ಯ.

ಬೇಗ ಹೇಳಬಹುದು ಕೂಡ. ಎರಡೂ ಚೀಲ ಒಟ್ಟಿಗೆ ಸುರಿದರೆ 16 ಮಾದಳ, 16 ಬೇಲ, ಬೆಲೆ 208. ಅಂದರೆ ಜೋಡಿಗೆ 13. ಈಗ ಒಂದರಿಂದ ಇನ್ನೊಂದನ್ನು ಕಳೆಯಿರಿ. ಎರಡು ಮಾದಳ ಎರಡು ಬೇಲಕ್ಕಿಂತ 6 ಜಾಸ್ತಿ, ಒಂದಕ್ಕೆ 3. ಮಾದಳ 8, ಬೇಲ 5. ಎಕ್ಸೂ ಬೇಡ, ವೈಯೂ ಬೇಡ. ಪೆನ್ನು ಪೆನ್ಸಿಲ್ಲಿಗೂ ಇದೇ ಉಪಾಯ ಸಾಕು: 12 ಜೋಡಿಗೆ 96, ಜೋಡಿಗೆ 8, ವ್ಯತ್ಯಾಸ 2. ಪೆನ್ನು 5, ಪೆನ್ಸಿಲ್ 3. ಸಾವಿರ ವರ್ಷ ದಾಟಿದರೂ ಲೆಕ್ಕದ ಮೈಕಟ್ಟು ಅದೇ! ಹಣ್ಣಿನ ಬುಟ್ಟಿ ಹೋಗಿ ಸ್ಟೇಷನರಿ ಅಂಗಡಿ ಬಂದಿದೆ, ಅಷ್ಟೇ. (ಪರೀಕ್ಷೆಯಲ್ಲಿ ಮಾತ್ರ ‘ಪೆನ್ಸಿಲ್ಲಿನ ಬೆಲೆ ಎಕ್ಸ್ ಆಗಿರಲಿ’ ಅಂತ ಶುರು ಮಾಡಿ. ಹಂತಕ್ಕೂ ಅಂಕ ಇರುತ್ತದೆ.)

ನನಗೆ ಇಷ್ಟವಾಗುವುದು ಎರಡನೇ ಗಿರಾಕಿ. ಅವನು ಬೇರೆ ಥರ ಕೊಂಡಿದ್ದಕ್ಕೇ ಲೆಕ್ಕ ಬಗೆಹರಿಯಿತು. ಸುಮ್ನೆ 10 ಪೆನ್ಸಿಲ್, 14 ಪೆನ್ನು ತಗೊಂಡು 100 ರೂಪಾಯಿ ಕೊಟ್ಟಿದ್ದರೆ ಅದು ಮೊದಲನೆಯವನ ಸುದ್ದಿಯೇ ಅಲ್ವಾ? ಪೆನ್ಸಿಲ್ 3 ಅನ್ನಿ, ಒಂದೂವರೆ ಅನ್ನಿ, ಪೆನ್ನಿನ ಬೆಲೆ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಅಷ್ಟಕ್ಕೇ 90 ಕೊಟ್ಟೆ ಅಂದನೋ, ಇದಕ್ಕೆ ಪರಿಹಾರವೇ ಇಲ್ಲ ಅಂತ ಪುಸ್ತಕ ಕೈಚೆಲ್ಲುತ್ತದೆ. ನಮ್ಮ ಬೀದಿಯ ಅಂಗಡಿಯಲ್ಲಾದರೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಇಲ್ಲ. ಜಾಸ್ತಿ ತಗೊಂಡಿದ್ದಾನೆ, ಹತ್ತು ರೂಪಾಯಿ ಬಿಟ್ಟಿದ್ದಾರೆ.