ಚರಂಡಿ ನೀರಿನಲ್ಲಿ ವೈರಸ್ ಸಿಕ್ಕರೆ ನಲ್ಲಿ ನೀರು ವಿಷವಾಯಿತೇ?

ನಗರದ ಕೊಳಚೆ ನೀರಿನಲ್ಲಿ ಕೊರೊನಾ ವೈರಸ್ ಪತ್ತೆಯಾಗಿದೆ, ಆದ್ದರಿಂದ ನಲ್ಲಿ ನೀರು ಕುಡಿಯಬೇಡಿ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದೆ. ಇದರ ಮೊದಲ ಮಾತು ನಿಜವಿರಬಹುದು. ಅದರಿಂದ ತೆಗೆದ ತೀರ್ಮಾನ ತಪ್ಪು.

ಸೋಂಕಿತರ ಮಲದ ಮೂಲಕ ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತುವಿನ ತುಣುಕುಗಳು ಒಳಚರಂಡಿಯನ್ನು ಸೇರುತ್ತವೆ. ಸಂಸ್ಕರಣಾ ಘಟಕಕ್ಕೆ ಬರುವ ನೀರಿನ ಮಾದರಿಯನ್ನು ಆರ್‌ಟಿ-ಪಿಸಿಆರ್ ವಿಧಾನದಿಂದ ಪರೀಕ್ಷಿಸಿದರೆ, ಲಕ್ಷಣಗಳಿಲ್ಲದವರನ್ನೂ ಒಳಗೊಂಡಂತೆ ಇಡೀ ಬಡಾವಣೆಯಲ್ಲಿ ಸೋಂಕು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ತಿಳಿಯುತ್ತದೆ. ಈ ಪರೀಕ್ಷೆ ಗುರುತಿಸುವುದು ತುಣುಕನ್ನು. ವೈರಸ್ ಜೀವಂತವಾಗಿದೆಯೆಂದು ಅದು ಹೇಳುವುದಿಲ್ಲ. ಕೊರೊನಾ ಮುಖ್ಯವಾಗಿ ಹರಡುವುದು ಉಸಿರಿನ ಮೂಲಕ. ಪೋಲಿಯೊ ಹಾಗಲ್ಲ, ಅದು ಮಲದಿಂದ ಬಾಯಿಗೆ ಹರಡಬಲ್ಲದು. ಅದಕ್ಕಾಗಿಯೇ ಮುಂಬೈಯಲ್ಲಿ 2001ರಿಂದ ಕೊಳಚೆ ನೀರಿನಲ್ಲಿ ಅದನ್ನು ಹುಡುಕಲಾಗುತ್ತಿದೆ. ಮಕ್ಕಳು ಕಾಯಿಲೆ ಬೀಳುವ ಮೊದಲೇ ಎಚ್ಚರಿಸುವ ಇಂಥ ಕೆಲಸವು ಭಯಕ್ಕೆ ಕಾರಣವಾಗುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

ಇಂಥ ಸಂದೇಶ ಬಂದಾಗ ಮಾದರಿಯನ್ನು ಚರಂಡಿಯಿಂದ ತೆಗೆದದ್ದೋ ಕುಡಿಯುವ ನೀರಿನಿಂದಲೋ, ಯಾವ ಊರಿನಲ್ಲಿ, ಯಾವ ದಿನಾಂಕದಂದು ಎಂಬುದನ್ನು ಮೂಲ ವರದಿಯಲ್ಲಿ ನೋಡಿ. ಇವು ಸಿಗದಿದ್ದರೆ ಮುಂದಕ್ಕೆ ಕಳುಹಿಸಬೇಡಿ. ಕುಡಿಯುವ ನೀರಿನ ಕ್ಲೋರಿನ್ ಅಂಶವನ್ನು ಸರಳ ಕಿಟ್‌ನಿಂದ ಮನೆಯಲ್ಲೇ ಪರೀಕ್ಷಿಸಬಹುದು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂಬುದು ಭಾರತೀಯ ಮಾನದಂಡ. ಕೊಳವೆ ಒಡೆದು ಕೊಳಚೆ ಬೆರೆತರೆ, ನೀರಿಗೆ ವಾಸನೆ ಅಥವಾ ಬಣ್ಣ ಬಂದರೆ, ವಾಂತಿಭೇದಿ ಮತ್ತು ಕಾಮಾಲೆಯ ಅಪಾಯ ನಿಜವಾಗಿಯೂ ಇದೆ. ಆಗ ನೀರು ಪೂರೈಸುವ ಕಚೇರಿಗೆ ಕೂಡಲೇ ದೂರು ಕೊಟ್ಟು, ಸರಿಪಡಿಸುವವರೆಗೆ ಬೇರೆಡೆಯ ನೀರನ್ನು ಕುದಿಸಿ ಕುಡಿಯಿರಿ.